ಮೌನಮ್ಮನ ಕಂಪ್ಯೂಟರಿಗೆ ಕೂಡುವ ಜೋಡಿ

"ಇದು ನಿಮ್ಮ ಅಂಗಡ್ಯಾಗಿನ ಮಾಲೇನ್ರಿ?"

ಸುಮಂಗಲಾ ತಲೆ ಎತ್ತಿದಳು. ಶಹಾಪುರದ ಅವಳ ಕಂಪ್ಯೂಟರ್ ಅಂಗಡಿಯ ಕೌಂಟರಿನ ಆಚೆ ಖಾಕಿ ಅಂಗಿಯ ಕಂಡಕ್ಟರ್ ಒಬ್ಬ ನಿಂತಿದ್ದ. ಹೆಗಲಿಗೆ ಚರ್ಮದ ಚೀಲ, ಕೊರಳಲ್ಲಿ ಟಿಕೆಟ್ ಮಶೀನು, ಎರಡು ಬೆರಳ ನಡುವೆ ಹಲ್ಲಿಯನ್ನು ಹಿಡಿದಂತೆ ಹಿಡಿದ ಕಂಪ್ಯೂಟರಿನ ಮೆಮೊರಿ ಪಟ್ಟಿ, ಒಂದು ರ‍್ಯಾಮ್.

"ಯಾಕ್ರಿ, ಏನಾಗ್ಯಾದ?"

"ಏನಾಗ್ಯಾದ? ಕೂಡವಲ್ದು! ನಮ್ಮಕ್ಕ ಒತ್ತಿ ಒತ್ತಿ ಬೆರಳು ಕೆಂಪಾಗ್ಯಾವ. ಕೆಲಸ ನಿಂತಾದ. ಬಸ್ ಸ್ಟ್ಯಾಂಡ್ ಮುಂದ ಅಂಗಡಿ ಇಟ್ಟೀವಂದ್ರ ಏನ್ ಬೇಕಾದ್ದು ಕೊಟ್ರೂ ನಡೀತದೇನ್ರಿ?"

ಅವಳು ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು.

"ಒತ್ತಿದ್ದು ಬಾಳ ಆಗ್ಯಾದ್ರಿ. ಇದು ಡಿಡಿಆರ್ ಫೋರ್. ನಿಮ್ಮದು ಹಳೇ ಸಿಸ್ಟಮ್ ಇರಬೇಕು, ಅದಕ್ಕ ಡಿಡಿಆರ್ ತ್ರೀ ಬೇಕು. ಇಲ್ಲಿ ನಡುವ ಕಚ್ಚು ಕಾಣ್ತದಲ್ರಿ, ಅದು ಸ್ಲಾಟಿನ ಹಲ್ಲಿಗೆ ಬರೋಬರಿ ಬರಬೇಕು. ಬರಲಿಲ್ಲಂದ್ರ ಆನಿ ಕುಂತು ಒತ್ತಿದ್ರೂ ಕೂಡಂಗಿಲ್ಲ."

"ಅದನ್ನ ಕೊಡೂ ಮುಂದ ಹೇಳಬೇಕಿಲ್ರಿ?"

"ನಾ ಕೊಟ್ಟಿದ್ರ ಹೇಳ್ತಿದ್ದೆ." ಸುಮಂಗಲಾ ರ‍್ಯಾಮನ್ನು ತಿರುಗಿಸಿ ಅವನ ಮುಂದಿಟ್ಟಳು. "ನಮ್ಮ ಮಾಲಿಗಿ ನಮ್ಮ ಸ್ಟಿಕ್ಕರ್ ಇರ್ತಾದ. ಇದಕ್ಕ ಎಲ್ಲಿ ಅದ? ತಂದವರನ್ನ ಕೇಳ್ರಿ."

ಅವನು ಸ್ಟಿಕ್ಕರಿಗಾಗಿ ಹುಡುಕಿದ. ಮುಖದ ಸಿಟ್ಟು ಕೆಳಗಿಳಿಯಿತು, ಕಿವಿ ಕೆಂಪಾದವು. ನೆರೆಮನೆಯವನು ಶಹಾಪುರದಿಂದ ತಂದಿದ್ದೇನೆ ಎಂದಿದ್ದ, ಅಷ್ಟೇ. ಯಾವ ಅಂಗಡಿ ಎಂದು ಇವನು ಕೇಳಿರಲಿಲ್ಲ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸ್ಟ್ಯಾಂಡಿನಿಂದ ಡ್ರೈವರ್ ರಂಗಣ್ಣ ಹಾರ್ನ್ ಒತ್ತಿದ. ಕಂಡಕ್ಟರ್ ಚೀಲ ಹಿಡಿದುಕೊಂಡು ಓಡಿದ. ರ‍್ಯಾಮ್ ಕೌಂಟರಿನ ಮೇಲೆಯೇ ಉಳಿಯಿತು.

ಮರುದಿನ ಅದೇ ಹೊತ್ತಿಗೆ ಅವನು ಮತ್ತೆ ಬಂದ. ಕೈಯಲ್ಲಿ ಬಿಸಿ ಮಿರ್ಚಿಯ ಪೊಟ್ಟಣವಿತ್ತು.

"ತಪ್ಪಾತ್ರಿ," ಅಂದ, ಪೊಟ್ಟಣವನ್ನು ಕೀಬೋರ್ಡಿನ ಪಕ್ಕ ಇಟ್ಟು. "ನನ್ನ ಹೆಸರು ಅರ್ಜುನ. ನಿನ್ನಿ ನಾ ಒದರಿದ್ರೂ ನೀವು ಒದರಲಿಲ್ಲ. ಅದಕ್ಕ ರಾತ್ರಿ ಬಾಳ ಕೆಡುಕೆನಿಸ್ತು."

"ಒದರಾಕ ನನಗೂ ಬರ್ತದ್ರಿ. ಹಾರ್ನ್ ಹೊಡದ್ರು, ನೀವು ಪಾರಾದ್ರಿ."

ಅವನು ನಕ್ಕ. ನಗುವಾಗ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು. ಸುಮಂಗಲಾ ಅದನ್ನು ನೋಡಿದಳು. ನೋಡಿದ್ದು ಅವನಿಗೆ ಕಾಣಬಾರದೆಂದು ಮಿರ್ಚಿ ಪೊಟ್ಟಣ ಬಿಚ್ಚತೊಡಗಿದಳು.

ಅವನ ಅಕ್ಕ ಮೌನಮ್ಮ ಸುರಪುರದಲ್ಲಿ ಕಂಪ್ಯೂಟರ್ ಕಸೂತಿ ಮಾಡುತ್ತಿದ್ದಳು. ಗಂಡ ತೀರಿದ ಮೇಲೆ ಸೋಲಾಪುರದ ಕಡೆಯವರೊಬ್ಬರಿಂದ ಹಳೆಯ ಕಸೂತಿ ಮಶೀನು, ಅದರ ಜೊತೆಗಿದ್ದ ಕಂಪ್ಯೂಟರು ಎರಡನ್ನೂ ಕೊಂಡಿದ್ದಳು. ಡಿಸೈನ್ ಮಾಡುವ ಸಾಫ್ಟ್‌ವೇರ್ ಆ ಕಂಪ್ಯೂಟರನ್ನು ಬಿಟ್ಟು ಬೇರೆಲ್ಲೂ ಓಡುತ್ತಿರಲಿಲ್ಲ. ಈಗ ಮಂದಿ ಬ್ಲೌಸಿನ ಬೆನ್ನು ತುಂಬ ನವಿಲು, ತೋಳು ತುಂಬ ಬಳ್ಳಿ ಕೇಳುತ್ತಿದ್ದರು. ಡಿಸೈನ್ ದೊಡ್ಡದಾದಂತೆ ಕಂಪ್ಯೂಟರು ನಿಂತಲ್ಲೇ ನಿಲ್ಲುತ್ತಿತ್ತು. ಹೊಸದು ತರುವ ಹಾಗಿಲ್ಲ. ಹಳೆಯದಕ್ಕೇ ಬಲ ತುಂಬಬೇಕು.

"ಕಂಪ್ಯೂಟರಿನ ಒಳಗಿನ ಬೋರ್ಡಿನ ಮ್ಯಾಲ ನಂಬರ್ ಬರದಿರ್ತಾದ. ಅದರ ಫೋಟೋ ಬೇಕು," ಅಂದಳು ಸುಮಂಗಲಾ. "ಮತ್ತ ವಿಂಡೋಸ್ ಯಾವುದ್ರಿ?"

"ಮನ್ಯಾಗ ಎರಡದಾವ್ರಿ. ಒಂದು ಮುಚ್ಚಾಕ ಬರಂಗಿಲ್ಲ."

ಅವಳು ದಿಟ್ಟಿಸಿದಳು. ಅವನ ಮುಖ ಗಂಭೀರವಾಗಿಯೇ ಇತ್ತು, ಆ ಒಂದು ಹುಬ್ಬನ್ನು ಬಿಟ್ಟು. ಸುಮಂಗಲಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಅಂಗಡಿಯಲ್ಲಿ ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಮರುದಿನ ಅವನು ಫೋಟೋ ತೋರಿಸಿದ. ಅವಳು ಬೆರಳುಗಳಿಂದ ಹಿಗ್ಗಿಸಿ ನಂಬರ್ ಓದುತ್ತ ಕೇಳಿದಳು:

"ಇದನ್ನ ವಾಟ್ಸಾಪಿನ್ಯಾಗ ಕಳಿಸಬಹುದಿತ್ತಲ್ರಿ. ನನ್ನ ನಂಬರ್ ಅಂಗಡಿ ಬೋರ್ಡಿನ ಮ್ಯಾಲೇ ಅದ."

"ಕಳಿಸಬಹುದಿತ್ತು," ಅಂದ ಅರ್ಜುನ. ಅಷ್ಟೇ ಅಂದ.

ಸುಮಂಗಲಾಳ ಬೆರಳು ಫೋಟೋ ಮೇಲೆ ಸುಮ್ಮನೆ ನಿಂತಿತು.

ಅವರ ಪರಿಚಯ ಬೆಳೆದದ್ದು ಹೀಗೆ, ಬಸ್ಸು ಶಹಾಪುರದಲ್ಲಿ ನಿಲ್ಲುವಷ್ಟು ಹೊತ್ತಿನ ತುಣುಕುಗಳಲ್ಲಿ. ಸುರಪುರದಿಂದ ಬರುವಾಗ ಒಂದು ತುಣುಕು, ಯಾದಗಿರಿಯಿಂದ ಮರಳುವಾಗ ಒಂದು. ಯಾವ ಮಾತೂ ಪೂರ್ತಿಯಾಗುತ್ತಿರಲಿಲ್ಲ. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಬರುತ್ತಿತ್ತು. ನಡುವಿನ ಹೊತ್ತೆಲ್ಲ ಅವಳು ಪ್ರಿಂಟ್ ತೆಗೆಯುತ್ತ, ಅರ್ಜಿ ತುಂಬುತ್ತ, ಆ ಅರ್ಧ ಮಾತಿನ ಉಳಿದರ್ಧವನ್ನು ತಾನೇ ಊಹಿಸುತ್ತಿದ್ದಳು. ಅವನು ನದಿ ದಂಡೆಯ ಮೀನುಗಾರರ ಮನೆಯವನು, ಅವ್ವ ಹೋದ ಮೇಲೆ ಅಕ್ಕನೇ ಸಾಕಿ ಓದಿಸಿದವಳು ಎಂಬುದು ತಿಳಿಯಲು ಅವಳಿಗೆ ಒಂದು ವಾರ ಬೇಕಾಯಿತು. ಅವಳದು ಬುದ್ಧನನ್ನು ನಂಬಿದ ಮನೆ, ಅಪ್ಪ ಚಂದ್ರಾಮಪ್ಪ ಶಾಲೆಯ ಕ್ಲರ್ಕಾಗಿದ್ದು ನಿವೃತ್ತರಾದವರು ಎಂಬುದು ಅವನಿಗೆ ತಿಳಿಯಲು ಇನ್ನೊಂದು ವಾರ.

ಅವಳು ಮೊದಲು ಕೊಟ್ಟ ಡಿಡಿಆರ್ ತ್ರೀ ರ‍್ಯಾಮ್ ಸ್ಲಾಟಿನಲ್ಲಿ ಚಂದವಾಗಿ ಕೂತಿತು, ಆದರೆ ಸ್ಕ್ರೀನು ಬರಲೇ ಇಲ್ಲ. ಅದನ್ನು ಅವನು ವಾಪಸು ತಂದಾಗ ಸುಮಂಗಲಾ ನಾಚಿದಳು.

"ಈ ಸಲ ಒದರ್ರಿ. ಇದಕ್ಕ ನಮ್ಮ ಸ್ಟಿಕ್ಕರ್ ಅದ."

"ಒದರಂಗಿಲ್ರಿ. ನಾಳಿ ಮತ್ತ ಬರಾಕ ಒಂದು ನೆವ ಸಿಕ್ತು."

ಅವಳು ಕೇಳಿಸದವಳಂತೆ ರ‍್ಯಾಮನ್ನು ತಿರುಗಿಸಿ ನೋಡಿದಳು. ಒಂದೇ ಬದಿಗೆ ಚಿಪ್‌ಗಳಿದ್ದವು. ಹೊಸ ಮಾದರಿಯದು. ಆ ಹಳೆಯ ಬೋರ್ಡು ಇಂಥ ದೊಡ್ಡ ಸಾಮರ್ಥ್ಯದ ಚಿಪ್‌ಗಳನ್ನು ಗುರುತಿಸುವುದಿಲ್ಲ. ಎರಡೂ ಬದಿಗೆ ಎಂಟೆಂಟು ಸಣ್ಣ ಚಿಪ್‌ಗಳಿರುವ ಹಳೆಯ ರ‍್ಯಾಮೇ ಬೇಕು. ಎರಡು ಸ್ಲಾಟಿಗೂ ಒಂದೇ ಕಂಪನಿಯ ಜೋಡಿ ಸಿಕ್ಕರೆ ತಕರಾರೇ ಇಲ್ಲ. ಅವಳು ಕಲಬುರಗಿಗೆ, ರಾಯಚೂರಿಗೆ ಫೋನು ಮಾಡಿದಳು. ಎಲ್ಲರೂ ಒಂದೇ ಮಾತು ಹೇಳಿದರು: ಅದು ಈಗ ಬರುವುದಿಲ್ಲ.

ಕೊನೆಗೆ ಯಾದಗಿರಿಯ ಮುಜಫರ ಫೋನು ಮಾಡಿದ. ಸ್ಟೇಷನ್ ಹತ್ತಿರ ಹಳೆಯ ಕಂಪ್ಯೂಟರ್ ಬಿಚ್ಚಿ ಮಾರುವವನು. "ಬೆಹನ್‌ಜೀ, ಒಂದು ಆಫೀಸಿನ ಮಾಲು ಬಂದಾದ. ಎರಡೂ ಕಡಿ ಚಿಪ್ ಇರೋ ಜೋಡಿ ಅದ. ಬಂದು ನೋಡ್ರಿ."

ಫೋನು ಇಟ್ಟ ಮೇಲೆ ಸುಮಂಗಲಾ ಸ್ವಲ್ಪ ಹೊತ್ತು ಹಾಗೆಯೇ ಕೂತಳು. ಇದು ಸಿಕ್ಕರೆ ಅರ್ಜುನನಿಗೆ ಅಂಗಡಿಯ ಮೆಟ್ಟಿಲೇರಲು ಕಾರಣವಿರುವುದಿಲ್ಲ. ಇನ್ನೂ ಸಿಕ್ಕಿಲ್ಲ ಎಂದರೆ ಯಾರೂ ಕೇಳುವವರಿಲ್ಲ. ಆದರೆ ಸುರಪುರದಲ್ಲಿ ಒಬ್ಬ ಹೆಂಗಸು ನಿಂತ ಸ್ಕ್ರೀನಿನ ಮುಂದೆ ಕೂತಿದ್ದಳು. ಸುಮಂಗಲಾ ಅವನಿಗೆ ಆಗಲೇ ಫೋನು ಮಾಡಿದಳು.

ಯಾದಗಿರಿಗೆ ಅವನದೇ ಬಸ್ಸಿನಲ್ಲಿ ಹೋದಳು. ಅವನು ಟಿಕೆಟ್ ಮಶೀನು ಹಿಡಿದು ಬಂದು ಎದುರು ನಿಂತ.

"ಆಧಾರ್ ತೋರಸ್ರಿ."

"ನನ್ನ ಗುರುತಿಲ್ಲೇನ್ರಿ?"

"ಗುರುತದ. ಹುಟ್ಟಿದ ತಾರೀಖು ಗೊತ್ತಿಲ್ಲ."

ಪಕ್ಕದಲ್ಲಿದ್ದ ಮುದುಕಿ ಬಾಯಿ ತುಂಬ ಎಲೆಯಿಟ್ಟುಕೊಂಡು ಇಬ್ಬರನ್ನೂ ನೋಡಿದಳು. ಸುಮಂಗಲಾ ಕಾರ್ಡು ಚಾಚಿದಳು. ಅವನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಓದಿದ. ಹೆಂಗಸರ ಉಚಿತ ಟಿಕೆಟ್ಟನ್ನು ಹರಿದು ಕೊಡುವಾಗ ಅವನ ಬೆರಳ ತುದಿ ಅವಳ ಅಂಗೈಗೆ ತಗುಲಿತು. ಭೀಮಾ ನದಿಯ ಸೇತುವೆ ದಾಟುವವರೆಗೂ ಅವಳು ಆ ಅಂಗೈಯನ್ನು ಬಿಚ್ಚಲಿಲ್ಲ.

ಮುಜಫರನ ಜೋಡಿ ಸರಿಯಾದದ್ದೇ ಆಗಿತ್ತು. ಮುಂದಿನ ಭಾನುವಾರ ಅದನ್ನು ಹಾಕಲು ಅವಳೇ ಸುರಪುರಕ್ಕೆ ಹೋದಳು.

ಮೌನಮ್ಮನ ಮನೆ ಗುಡ್ಡದ ಕೆಳಗಿನ ಓಣಿಯಲ್ಲಿತ್ತು. ಮೂಗಿನ ತುದಿಗೆ ಕನ್ನಡಕ, ಸೆರಗಿನಲ್ಲಿ ಬಣ್ಣಬಣ್ಣದ ದಾರದ ಚೂರು, ಬಾಯಲ್ಲಿ ಬಿಡುವಿಲ್ಲದ ಮಾತು. "ಬಾ ತಂಗಿ, ಬಾ. ಇವ ನಿನ್ನ ಬಗ್ಗೆ ಹೇಳಿ ಹೇಳಿ ನನ್ನ ಕಿವಿ ತಿಂದಾನ," ಅಂದಳು. ಅರ್ಜುನ ಚಹಾ ಮಾಡುವ ನೆವದಿಂದ ಒಳಗೆ ಹೋದ.

ಸುಮಂಗಲಾ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಧೂಳು ಒರೆಸಿ, ಎರಡು ರ‍್ಯಾಮ್‌ಗಳನ್ನೂ ಸ್ಲಾಟಿನಲ್ಲಿ ನಿಲ್ಲಿಸಿ ಮೆಲ್ಲಗೆ ಒತ್ತಿದಳು. ಎರಡೂ ಕಡೆಯ ಕೊಂಡಿಗಳು ತಾವಾಗಿಯೇ ಟಕ್ಕೆಂದು ಮುಚ್ಚಿಕೊಂಡವು. ಗುಂಡಿ ಒತ್ತಿದಾಗ ಸ್ಕ್ರೀನು ಬೆಳಗಿತು. ತಿಂಗಳಿಂದ ತೆರೆಯದಿದ್ದ ದೊಡ್ಡ ನವಿಲು ಗರಿಗರಿಯಾಗಿ ಬಿಚ್ಚಿಕೊಂಡಿತು.

ಮೌನಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ನನ್ನ ಹೊಟ್ಟಿಗಿ ಅನ್ನ ಹಾಕಿದಿ ತಂಗಿ. ಇನ್ನ ನನಗೊಂದೇ ಚಿಂತಿ ಉಳದಾದ, ಇವಂದು. ಅದೂ ಮುಗೀತದ. ತಿಂಥಣಿ ಕಡಿ ಹೆಣ್ಣು ನೋಡೀನಿ. ನಮ್ಮ ಮಂದೀನೇ. ಬಾಳ ಚೊಲೋ ಹುಡುಗಿ. ಮದವಿಗಿ ನೀ ಮುಂದ ನಿಂದ್ರಬೇಕು ನೋಡು."

ಚಹಾದ ತಟ್ಟೆ ಹಿಡಿದು ಅರ್ಜುನ ಬಾಗಿಲಲ್ಲಿ ನಿಂತಿದ್ದ. ಅವನು ಏನಾದರೂ ಹೇಳುತ್ತಾನೆಂದು ಸುಮಂಗಲಾ ಕಾದಳು. ಅವನು ತಟ್ಟೆಯನ್ನು ಕೆಳಗಿಟ್ಟ.

ಬಸ್ ಸ್ಟ್ಯಾಂಡಿನವರೆಗೆ ಅವನು ಜೊತೆಗೆ ಬಂದ. ಓಣಿಯ ಕೊನೆಗೆ ಬಂದಾಗ ಅವನೇ ಮಾತು ತೆಗೆದ.

"ನಿಮಗ ಹೇಳಬೇಕಂತ ಮಾಡಿದ್ದೆ."

"ನನಗ ಬ್ಯಾಡ. ಅಕ್ಕೋರಿಗಿ ಏನಂದೀರಿ?"

"ಏನೂ ಅಂದಿಲ್ಲ." ಅವನು ನೆಲ ನೋಡುತ್ತ ಹೇಳಿದ. "ತಾ ಉಪವಾಸ ಇದ್ದು ನನಗ ಉಣಿಸ್ಯಾಳ್ರಿ. ಅಕಿ ಮುಂದ ಒಲ್ಲೆ ಅನ್ನಾಕ ನನಗ ಬಾಯಿ ಬರಂಗಿಲ್ಲ."

"ಒಲ್ಲೆ ಅನ್ನೂದು ಹಾಳಾಗ್ಲಿ," ಅಂದಳು ಸುಮಂಗಲಾ. "ಬೇಕು ಅನ್ನಾಕ ಬರ್ತದೇನು?"

ಬಸ್ಸು ಬಂತು. ಅವನು ಮುಂದೆ ಹೋಗಿ ಅವಳಿಗೆ ಸೀಟು ಹಿಡಿದ. ಅವಳು ಕಿಟಕಿಯ ಪಕ್ಕ ಕೂತಳು, ಹೊರಗೆ ನೋಡಲಿಲ್ಲ. ಬಸ್ಸು ಊರು ದಾಟಿದ ಮೇಲೆ ಮಾತ್ರ ತಿರುಗಿ ನೋಡಿದಳು. ಕಾಣಲು ಏನೂ ಇರಲಿಲ್ಲ.

ಮರುವಾರದಿಂದ ಅವನ ಡ್ಯೂಟಿ ಲಿಂಗಸುಗೂರಿನ ಕಡೆ ಬದಲಾಯಿತು. ತಾನೇ ಕೇಳಿ ಬದಲಿಸಿಕೊಂಡನೋ, ಅವರೇ ಬದಲಿಸಿದರೋ ಅವಳಿಗೆ ಗೊತ್ತಾಗಲಿಲ್ಲ. ಅದೇ ಬಸ್ಸು ಅದೇ ಹೊತ್ತಿಗೆ ಬರುತ್ತಿತ್ತು. ಬೇರೆ ಯಾರೋ ಇಳಿದು ನೀರಿನ ಬಾಟಲಿ ಕೊಳ್ಳುತ್ತಿದ್ದರು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ತಲೆ ಎತ್ತುತ್ತಿದ್ದಳು.

ಹತ್ತಿ ತುಂಬಿದ ಗಾಡಿಗಳು ಬಜಾರಿಗೆ ಬರುವ ಕಾಲ. ರಸ್ತೆಯುದ್ದಕ್ಕೂ ಹಾರಿದ ಬಿಳಿಯ ಎಳೆಗಳು ಅಂಗಡಿಯ ಒಳಗೂ ಬಂದು ಪ್ರಿಂಟರಿನ ಮೇಲೆ ಕೂರುತ್ತಿದ್ದವು. ಸುಮಂಗಲಾ ಒರೆಸುತ್ತಿದ್ದಳು, ಅವು ಮತ್ತೆ ಕೂರುತ್ತಿದ್ದವು. ಕೆಲವು ಸಲ ಫೋನಿನಲ್ಲಿ ಅವನ ನಂಬರಿನ ಕೆಳಗೆ "ಟೈಪಿಂಗ್" ಎಂದು ಮೂಡುತ್ತಿತ್ತು. ಅವಳು ಉಸಿರು ಹಿಡಿದು ನೋಡುತ್ತಿದ್ದಳು. ಆ ಪದ ಅಳಿಸಿಹೋಗುತ್ತಿತ್ತು. ಏನೂ ಬರುತ್ತಿರಲಿಲ್ಲ. ಅವನೂ ಅತ್ತ ಫೋನು ಹಿಡಿದು ಕೂತಿದ್ದಾನೆ ಎಂಬುದಷ್ಟೇ ಅವಳಿಗೆ ಸಿಗುತ್ತಿದ್ದ ಸುದ್ದಿ. ಅದನ್ನೇ ಹಿಡಿದುಕೊಂಡು ಒಂದು ದಿನ ಕಳೆಯುತ್ತಿದ್ದಳು.

ಫೋನು ಮಾಡುತ್ತಿದ್ದವಳು ಮೌನಮ್ಮ. ಇವತ್ತು ಫೈಲು ಎಲ್ಲಿ ಹೋಯಿತು, ನಾಳೆ ಮೌಸು ಯಾಕೆ ಓಡುವುದಿಲ್ಲ. ಸುಮಂಗಲಾ ತಾಳ್ಮೆಯಿಂದ ಹೇಳಿಕೊಡುತ್ತಿದ್ದಳು. ಎಷ್ಟೋ ಸಲ ಶಹಾಪುರದಿಂದಲೇ ಮೌನಮ್ಮನ ಸ್ಕ್ರೀನನ್ನು ತನ್ನ ಸ್ಕ್ರೀನಿಗೆ ತಂದುಕೊಂಡು ಸರಿಪಡಿಸುತ್ತಿದ್ದಳು. ಅರ್ಜುನನ ಸುದ್ದಿಯನ್ನು ಅವಳಾಗಿ ಎಂದೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಮೌನಮ್ಮ ಸಡಗರದಿಂದ ಫೋನು ಮಾಡಿದಳು.

"ತಂಗಿ, ಬರೂ ಐತಾರ ತಿಂಥಣಿಗಿ ಹೋಗಿ ಮಾತು ಮುಗಸೂದು. ನಾ ಮದಲಗಿತ್ತಿ ಬ್ಲೌಸು ಈಗಿಂದ ಸುರು ಮಾಡೀನಿ. ಬೆನ್ನಿಗಿ ಕಮಲ, ತೋಳಿಗಿ ಮೀನು. ಇಬ್ಬರ ಹೆಸರು ನಡುವ ಬರಬೇಕು ನೋಡು. ಕನ್ನಡ ಅಕ್ಷರ ಹಾಕಿದ್ರ ಬರೀ ಡಬ್ಬಿ ಡಬ್ಬಿ ಕಾಣಾಕತ್ತಾವ. ನೀನೇ ಬರದು ಕೊಡು."

ಸುಮಂಗಲಾ ಸ್ಕ್ರೀನು ತೆರೆದಳು. ಕಮಲದ ದಳಗಳ ನಡುವೆ ಖಾಲಿ ಜಾಗವಿತ್ತು. ಫಾಂಟು ಸರಿಮಾಡಿದಳು. ಟೈಪ್ ಮಾಡಿದಳು: ಅರ್ಜುನ. ದಾರದ ಬಣ್ಣದಲ್ಲಿ ಆ ಮೂರು ಅಕ್ಷರಗಳು ಮೂಡಿದವು. ಅವನ ಹೆಸರನ್ನು ಅವಳು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ. ಕರ್ಸರಿನ ಗೆರೆ ಅದರ ಪಕ್ಕದಲ್ಲಿ ಮಿನುಗುತ್ತ ನಿಂತಿತು.

ಸುರಪುರದಲ್ಲಿ ಮೌನಮ್ಮನೂ ಅದೇ ಗೆರೆಯನ್ನು ನೋಡುತ್ತಿದ್ದಳು.

"ಯಾಕ ತಂಗಿ, ನಿಂತಿ? ಹುಡುಗಿ ಹೆಸರು ಮಲ್ಲೇಶ್ವರಿ ಅಂತ ಹಾಕು."

ಗೆರೆ ಮಿನುಗಿತು. ಸುಮಂಗಲಾ ಒಂದೊಂದೇ ಅಕ್ಷರ ಒತ್ತಿದಳು. ತಪ್ಪಿಲ್ಲದೆ ಬರೆದಳು. ಎರಡು ಹೆಸರುಗಳನ್ನೂ ಒಂದೇ ಸಾಲಿಗೆ ತಂದು, ಫೈಲು ಸೇವ್ ಮಾಡಿ, "ಆತ್ರಿ ಅಕ್ಕಾ," ಅಂದಳು. ಮೂಗು ಏರಿಸಿದ್ದು ಫೋನಿಗೂ ಕೇಳಿಸಿತು.

ಅತ್ತ ಕಸೂತಿ ಮಶೀನಿನ ಸದ್ದು ನಿಂತಿತು.

"ತಂಗಿ, ಅಳಾಕತ್ತೀಯೇನು?"

"ಇಲ್ರಿ. ನೆಗಡಿ ಆಗ್ಯಾದ."

ಅತ್ತ ಕುರ್ಚಿ ಎಳೆದ ಸದ್ದು ಬಂತು.

"ನಮ್ಮ ಮನ್ಯಾಗೂ ಒಬ್ಬವ ಹಿಂಗೇ ನೆಗಡಿ ನೆಗಡಿ ಅನಕೋತ ತಿರಗ್ಯಾಡಾಕತ್ತಾನ," ಅಂದಳು ಮೌನಮ್ಮ, ನಿಧಾನವಾಗಿ. "ಬಿಸಿನೀರು ಕಾಸಿ ಕೊಟ್ಟೆ, ಕಷಾಯ ಕೊಟ್ಟೆ. ಖರೇ ಹೇಳು. ಒಂದೇ ನೆಗಡಿಯೇನು?"

ಸುಮಂಗಲಾ ಕಣ್ಣು ಒರೆಸಿಕೊಂಡಳು. "ಅದನ್ನ ನನ್ನ ಕೇಳಬ್ಯಾಡ್ರಿ ಅಕ್ಕಾ. ಅವರನ್ನ ಕೇಳ್ರಿ. ಅವರು ಇಲ್ಲಂದ್ರ ನಾ ಮದವಿಗಿ ಬಂದು ಮುಂದ ನಿಂತೇ ನಿಂದ್ರತೀನಿ."

ಫೋನು ಕಟ್ಟಾಯಿತು. ಆಮೇಲೆ ಅತ್ತಲಿಂದ ಏನೂ ಬರಲಿಲ್ಲ. ಫೈಲು ಕಳೆಯಿತೆಂದಾಗಲಿ, ಮೌಸು ಓಡದೆಂದಾಗಲಿ ಮೌನಮ್ಮ ಫೋನು ಮಾಡಲಿಲ್ಲ. ಆ ಮೌನಕ್ಕಿಂತ ಮೊದಲಿನ ನೋವೇ ಹಗುರವಿತ್ತು ಎನಿಸಿತು ಸುಮಂಗಲಾಗೆ. ತಿಂಥಣಿಗೆ ಹೋಗುವ ಭಾನುವಾರ ಬಂತು. ಅಪ್ಪ ರಜೆ ಮಾಡು ಎಂದರೂ ಕೇಳದೆ ಅವಳು ಅಂಗಡಿ ತೆರೆದು ಕೂತಳು.

ಮಧ್ಯಾಹ್ನ ಮೆಟ್ಟಿಲ ಮೇಲೆ ನೆರಳು ಬಿತ್ತು. ಅರ್ಜುನ. ನೀಲಿ ಅಂಗಿ, ಬರಿಗೈ. ಗಡ್ಡ ಬಂದಿತ್ತು, ಕೆನ್ನೆ ಇಳಿದಿದ್ದವು.

"ತಿಂಥಣಿಗಿ ಹೋಗಲಿಲ್ಲೇನ್ರಿ?" ಕೀಬೋರ್ಡಿನಿಂದ ಕಣ್ಣೆತ್ತದೆ ಕೇಳಿದಳು.

"ಅಕ್ಕ ಒಬ್ಬಾಕೇ ಹೋಗ್ಯಾಳ. ಮಾತು ಬಿಡಿಸ್ಕೊಂಡು ಬರಾಕ." ಅವನು ಕೌಂಟರ್ ಹಿಡಿದು ನಿಂತ. "ಅಂದು ರಾತ್ರಿ ಅಕಿ ಕೇಳಿದಳ್ರಿ. ನಾ ಹೌದಂದೆ. ಸಿಟ್ಟಾದಳು, ಅತ್ತಳು. ನಮ್ಮ ಮಂದಿ ಏನಂತಾರ ಅಂದಳು. ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೇ ದಿನ ತಾಟು ಹಚ್ಚಿ ಮುಂದಿಟ್ಟು, 'ಬಾಯಿ ಇಲ್ಲದವನ್ನ ಸಾಕೀನಿ ಅಂತ ನನಗ ಗೊತ್ತಿರಲಿಲ್ಲ' ಅಂದಳು. ನನ್ನ ಸಲುವಾಗಿ ಇವತ್ತ ಅವರ ಮುಂದ ಸೆರಗೊಡ್ಡಾಕ ಹೋಗ್ಯಾಳ. ನಾನೂ ಬರ್ತೀನಿ ಅಂದೆ. ನಿನ್ನ ಕೆಲಸ ಅಲ್ಲಿ ಇಲ್ಲ ಅಂದಳು."

"ಅಂದ್ರ ಅಕ್ಕೋರು ಕಳಿಸ್ಯಾರ, ಬಂದೀರಿ."

"ಇಲ್ಲ." ಅವನು ತಲೆ ಅಲ್ಲಾಡಿಸಿದ. "ನಾನೇ ಬಂದೀನಿ. ದಿನಾ ಬರಬೇಕಂತಿದ್ದೆ. ಫೋನಿನ್ಯಾಗ ಬರದು ಬರದು ಅಳಿಸೀನಿ."

"ನೋಡೀನಿ."

"ಅಷ್ಟೂ ನೋಡೀರೇನು?"

"ಅಷ್ಟೂ." ಈಗ ಅವಳು ಕಣ್ಣೆತ್ತಿದಳು. ಅವು ತುಂಬಿದ್ದವು. "ಏನು ಬರೀತಿದ್ರಿ?"

ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರ್ ಒಂದು ಹೋಯಿತು. ಅವನು ಅದರ ಸದ್ದು ಪೂರ್ತಿ ಅಡಗಲೆಂದು ಕಾದ.

"ನೀವು ಬೇಕು ಅಂತ."

ಸುಮಂಗಲಾ ಮುಖ ತಿರುಗಿಸಿದಳು. ಕುತ್ತಿಗೆಯವರೆಗೂ ಕೆಂಪೇರಿತ್ತು.

"ನನಗ ಸಿಟ್ಟು ಅದ."

"ಇರ್ಲಿ."

"ಬಾಳ ಅದ."

"ಅದು ಇಳಿಯೂ ತನಕ ಬರ್ತೀನಿ. ಇಳದ ಮ್ಯಾಲೂ ಬರ್ತೀನಿ."

ಅವಳು ಎದ್ದು ಕಂಪ್ಯೂಟರ್ ಆಫ್ ಮಾಡಿದಳು. ಕೀಲಿಕೈ ತೆಗೆದುಕೊಂಡು ಹೊರಗೆ ಬಂದಳು. ಅವನು ಮುಂದೆ ಬಂದು ಶಟರ್ ಎಳೆದ, ಅವಳು ಕೀಲಿ ಹಾಕಿದಳು. ಹತ್ತಿರ ನಿಂತಾಗ ಅವನ ಅಂಗಿಯಿಂದ ಸಾಬೂನಿನ ವಾಸನೆ ಬಂತು. ಅವಳ ಕೈ ಕೀಲಿಯ ಮೇಲೆಯೇ ತಡೆಯಿತು. ಅವನು ಆ ಕೈಯ ಮೇಲೆ ತನ್ನ ಕೈ ಇಟ್ಟ. ಅವಳು ತೆಗೆಯಲಿಲ್ಲ.

"ಎಲ್ಲಿಗಿ?" ಅಂದ.

"ಮನಿಗಿ. ಅಪ್ಪ ಅದಾನ. ಏನಂತಾನೋ ನನಗೂ ಗೊತ್ತಿಲ್ಲ."

ಊರಾಚೆ ಮಲಗಿದ ಬುದ್ಧನಂತೆ ತೋರುವ ಗುಡ್ಡ ಬಿಸಿಲಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ಅವರು ರಸ್ತೆಯ ಒಂದೇ ಬದಿಗೆ, ಒಬ್ಬರಿಗೊಬ್ಬರು ತಾಗದಂತೆ, ಆದರೆ ಹೆಜ್ಜೆ ಹಿಂದೆ ಬೀಳದಂತೆ ನಡೆದರು. ಚಂದ್ರಾಮಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದರು. ಮಗಳು ನಡುಮಧ್ಯಾಹ್ನ ಮನೆಗೆ ಬರುವುದನ್ನು ಕಂಡು ಪೇಪರ್ ಮಡಚಿದರು. ಪಕ್ಕದಲ್ಲಿದ್ದವನನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಯಾರವ್ವ ಇವರು?"

ಸುಮಂಗಲಾ ಬಾಯಿ ತೆರೆಯುವಷ್ಟರಲ್ಲಿ ಅರ್ಜುನ ಮುಂದೆ ಹೋಗಿ ಕೈ ಮುಗಿದ.

"ನಾ ಅರ್ಜುನ ಅಂತ್ರಿ, ಸುರಪುರದವ," ಅಂದ. ದನಿ ನಡುಗಿತು, ಆದರೆ ನಿಲ್ಲಲಿಲ್ಲ. "ನಿಮ್ಮ ಮಗಳನ್ನ ಕೇಳಾಕ ಬಂದೀನ್ರಿ."